ಇಪ್ಪತ್ತು ಹೆಜ್ಜೆಯ ಸಾರಂಗ

ನೌಬಾದದ ಜ್ಞಾನೇಶ್ವರ ಮೂವತ್ತು ವರ್ಷಗಳಿಂದ ಮದುವೆಗಳಲ್ಲಿ ಶಹನಾಯಿ ನುಡಿಸುತ್ತಿದ್ದ. ಭಾಲ್ಕಿಯ ಮದುವೆಯೊಂದರಲ್ಲಿ ಬಾಗಿಲಿಂದ ಮಂಟಪಕ್ಕೆ ಇದ್ದದ್ದು ಇಪ್ಪತ್ತೇ ಹೆಜ್ಜೆ. ಅವನ ಸಾರಂಗ ರಾಗದ ಆಲಾಪ ಇನ್ನೂ ಅರಳುತ್ತಿರುವಾಗಲೇ ಮದುಮಗಳು ಮಂಟಪ ಹತ್ತಿಬಿಟ್ಟಿದ್ದಳು.

ಮರುವಾರ ಹೆಂಡತಿ ಅನುಸೂಯಾಬಾಯಿ ಔರಾದಿನ ಮದುವೆಯಿಂದ ಬಂದು, ಅವನ ಶಿಷ್ಯ ನಂದಕುಮಾರ ಅದೇ ರಾಗವನ್ನು ಮದುಮಗಳ ಹೆಜ್ಜೆಗೆ ಸರಿಯಾಗಿ ಮುಗಿಸಿದ್ದನ್ನು ಬಾಯಿತುಂಬ ಹೊಗಳಿದಳು. ಜ್ಞಾನೇಶ್ವರನಿಗೆ ಹೊಟ್ಟೆ ಉರಿಯಿತು.

“ರಾಗ ಕತ್ತರಿಸೋದೂ ಒಂದ್ ವಿದ್ಯಾ ಏನು?” ಎಂದ.

ಆದರೂ ಮರುದಿನ ಅವಳನ್ನೇ ಅಂಗಳದಲ್ಲಿ ಮದುಮಗಳಂತೆ ನಡೆಸಿ, ಉದ್ದದ ಆಲಾಪ ಕೈಬಿಟ್ಟು ನುಡಿಸಿದ. ಐದನೆಯ ಸಲ ಅವಳ ಕೊನೆಯ ಹೆಜ್ಜೆಗೆ ಅವನ ಕೊನೆಯ ಸ್ವರ ಕೂಡಿತು.

“ಈಗ ಛಂದ ಬಂತ್ ನೋಡ್ರಿ. ನಂದಕುಮಾರ ನುಡಿಸಿದಂಗೇ ಅದ,” ಎಂದಳು.

“ಅವಂಗ ಕಲಿಸಿದಾವ ನಾನು,” ಎಂದ ಜ್ಞಾನೇಶ್ವರ.

ಇದೊಂದನ್ನು ಕಲಿಸಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.