ಅಮ್ಮ ತೊಳೆದಿಟ್ಟ ಕರೆಂಟು

ಗೆಳೆಯರೇ, ಇವತ್ತು ಅಮ್ಮ ನನ್ನ ವಿದ್ಯುತ್ ಸ್ಥಾವರವನ್ನು ಬಿಸಿನೀರಿನಲ್ಲಿ ತಿಕ್ಕಿ ತೊಳೆದು ಅಂಗಳದಲ್ಲಿ ಬೋರಲು ಹಾಕಿಬಿಟ್ಟರು.

ಸ್ಥಾವರ ಅಂದರೆ ಸಾಲಾಗಿ ಜೋಡಿಸಿದ ಹಳೇ ಹಾಲಿನ ಡಬ್ಬಿಗಳು. ಒಳಗೆ ಗದ್ದೆಯ ಕೆಸರು, ಅದರ ಮೇಲೆ ನಮ್ಮ ಕೋಟದ ಡೈರಿಯಲ್ಲಿ ಕ್ಯಾನ್ ತೊಳೆದು ಚೆಲ್ಲುವ ಹುಳಿ ನೀರು, ಹಳೇ ಬ್ಯಾಟರಿಯ ಕಪ್ಪು ಕಡ್ಡಿಗಳು. ಕೆಸರಿನ ಬ್ಯಾಕ್ಟೀರಿಯಾಗಳು ಹಾಲಿನ ಅಂಶ ತಿಂದು ಕರೆಂಟು ಕೊಡುತ್ತವೆ. ಮೊನ್ನೆಯಿಂದ ಒಂದು ಸಣ್ಣ ಕೆಂಪು ಬಲ್ಬು ಉರಿಯುತ್ತಿತ್ತು. ಅದನ್ನೇ ನೋಡುತ್ತ ಕುಳಿತರೆ, ನನ್ನ ಕಣ್ಣೆದುರು ಕ್ಯಾನ್ ತೊಳೆದ ನೀರೆಲ್ಲ ತಂತಿ ಹತ್ತಿ, ಬೈಂದೂರಿನವರೆಗೂ ಬೀದಿದೀಪಗಳಾಗಿ ತೂಗುತ್ತಿತ್ತು.

ಡೈರಿಯ ಸೆಕ್ರೆಟರಿ ಇವತ್ತು ನೋಡಲು ಬರುವವರಿದ್ದರು. ಬಲ್ಬು ಉರಿದರೆ, ಆ ಹುಳಿ ನೀರು ತುಂಬುವ ಡೈರಿ ಹಿಂದಿನ ತೊಟ್ಟಿಯನ್ನು ನನಗೆ ಬಿಟ್ಟುಕೊಡುತ್ತೇನೆ ಎಂದಿದ್ದರು.

"ಮನೆಗ್ ಜನ ಬಪ್ಪತಿಗೆ ಈ ವಾಸ್ನೆಯಾ? ಹಾಲಿನ ಡಬ್ಬಿಗ್ ಬಿಸಿನೀರ್ ಹಾಕ್ದೆ ಹಾಂಗೇ ಬಿಡುಕಾತ್ತಾ?" ಎಂದರು ಅಮ್ಮ.

"ಡಬ್ಬಿ ಅಡಿಗೊಂದ್ ಬ್ಯಾಟ್ರಿ ಸೆಲ್ ಇಡ್ ಮಾರಾಯ, ಅವ್ರಿಗ್ ಎಂತ ಗೊತ್ತಾತ್ತ್?" ಎಂದ ಪಕ್ಕದ ಮನೆಯ ಗೆಳೆಯ. ನಾನು ಒಪ್ಪಲಿಲ್ಲ. ಸೆಕ್ರೆಟರಿ ಬಂದಾಗ ಆದದ್ದನ್ನೇ ಹೇಳಿದೆ.

ಅವರು ಒಂದು ಡಬ್ಬಿ ಎತ್ತಿ ಮೂಸಿದರು. "ಹ್ವಾಯ್ ಅಕ್ಕ, ನಮ್ಮ ಡೈರಿಯಗೂ ಇಷ್ಟ್ ಲಾಯ್ಕ್ ತೊಳುದಿಲ್ಲೆ!" ಆಮೇಲೆ ನನ್ನತ್ತ ತಿರುಗಿ, "ಇನ್ನೊಂದ್ ಸಲ ಹೊತ್ಸ್, ಕಾಂಬ" ಎಂದರು.

ಮತ್ತೆ ಕೆಸರು ತುಂಬಿಸಿದ್ದೇನೆ. ಬ್ಯಾಕ್ಟೀರಿಯಾಗಳು ಮತ್ತೆ ಬೆಳೆದು ಬಲ್ಬು ಹೊತ್ತಲು ಎರಡು ವಾರ ಬೇಕು ಎಂದು ಅಮ್ಮನಿಗೆ ಹೇಳಿದೆ.

"ಅಲ್ಲಿವರೆಗೆ ತೊಳುಕೇ ಇಲ್ಯಾ?" ಅಮ್ಮನ ಮುಖ ಬಾಡಿತು.

ಬ್ಯಾಕ್ಟೀರಿಯಾಗಳ ಮೇಲೆ ನನಗೆ ಪೂರ್ತಿ ನಂಬಿಕೆಯಿದೆ. ಬೈಂದೂರಿನವರೆಗಿನ ಬೆಳಕೆಲ್ಲ ಈಗ ಅಮ್ಮನ ತಾಳ್ಮೆಯ ಮೇಲೆ ನಿಂತಿದೆ.