ನಿಂತಾಗ ಕುದಿಯುವ ಕಾರು

ಎಪ್ಪತ್ತರ ದಶಕದಲ್ಲಿ ಸಿಂದಗಿಯಲ್ಲಿ ನನ್ನ ಬಳಿ ಒಂದು ಹಳೆಯ ಕಾರಿತ್ತು. ಹುಟ್ಟಿದಾಗ ಅದು ಪೆಟ್ರೋಲ್ ಕಾರು. ನನ್ನ ಕೈಗೆ ಬರುವ ಹೊತ್ತಿಗೆ ಯಾರೋ ಪುಣ್ಯಾತ್ಮರು ಗುಜರಿಗೆ ಹೋದ ವ್ಯಾನಿನ ಡೀಸೆಲ್ ಎಂಜಿನ್ನನ್ನು ಅದರ ಹೊಟ್ಟೆಗೆ ಇಳಿಸಿದ್ದರು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ಬಾಡಿಗೆಗೆ ತಿರುಗುತ್ತಿದ್ದೆ. ಮನೆಯಲ್ಲಿ ಕೂತರೆ ಮೈ ಪರಚಿಕೊಳ್ಳುವ ಸ್ವಭಾವ ನನ್ನದು. ಕಾಲಲ್ಲಿ ಚಕ್ರ ಇಟ್ಟುಕೊಂಡೇ ಹುಟ್ಟಿದವನು ಎಂದು ಅವ್ವ ಬೈಯುತ್ತಿದ್ದಳು. ಕಾರಿಗೂ ಅದೇ ರೋಗ. ಓಡುವಾಗ ಎಂಜಿನ್ನಿನ ಕಾವು ತೋರಿಸುವ ಮುಳ್ಳು ನಟ್ಟನಡುವೆ ಸುಮ್ಮನಿರುತ್ತಿತ್ತು. ಎಂಜಿನ್ ಆರಿಸದೆ ಎಲ್ಲಿಯಾದರೂ ನಿಲ್ಲಿಸಿದೆನೋ, ಮುಳ್ಳು ಕೆಂಪು ಗೆರೆಯ ಕಡೆ ಹೊರಡುತ್ತಿತ್ತು.

ಆರಿಸಿಬಿಡಬಹುದಿತ್ತಲ್ಲ ಎನ್ನುವವರು ಆ ಸ್ಟಾರ್ಟರನ್ನು ಕಂಡವರಲ್ಲ. ಬಿಸಿ ಎಂಜಿನ್ ಒಮ್ಮೆ ಆರಿದರೆ ಮಂದಿ ನೂಕದೆ ಮತ್ತೆ ಚಾಲೂ ಆಗುತ್ತಿರಲಿಲ್ಲ. ಹಾಗಾಗಿ ಹೋದಲ್ಲೆಲ್ಲ ಇಳಿಜಾರು ಹುಡುಕುತ್ತಿದ್ದೆ. ಅಂಗೈಯಂತೆ ಸಪಾಟಾದ ನಮ್ಮ ಸೀಮೆಯಲ್ಲಿ ಇಳಿಜಾರನ್ನು ಎಲ್ಲಿಂದ ತರುವುದು? ಸಿಂದಗಿಯ ಮಿಸ್ತ್ರಿ ನೀರಿನ ಪಂಪು ಬಿಚ್ಚಿ ನೋಡಿದ, ಫ್ಯಾನ್ ಬೆಲ್ಟ್ ಬಿಗಿ ಮಾಡಿದ, ಥರ್ಮೋಸ್ಟಾಟನ್ನು ಕಿತ್ತೊಗೆದ. ಕೊನೆಗೆ ಎಂಜಿನ್ನಿನ ಹೆಡ್ಡನ್ನೇ ಬಿಚ್ಚಿ ಇಳಿಸಬೇಕು ಎಂದ. ದೋಷ ಹೆಡ್ಡಿನದಾದರೆ ಓಡುವಾಗಲೂ ಕುದಿಯಬೇಕಲ್ಲ ಎಂದು ಜಗಳಾಡಿ ಬಂದೆ. ಜಗಳ ಗೆದ್ದೆ, ರೋಗ ಹಾಗೇ ಉಳಿಯಿತು.

ಅಂಥ ಕಾರಿನಲ್ಲಿ ನಾನು ಹೆಣ್ಣು ನೋಡಲು ಹೋದೆ. ಮನಗೂಳಿ ದಾಟಿ ಒಂದು ಹಳ್ಳಿ. ಜೊತೆಗೆ ಅವ್ವ, ಸೋದರಮಾವ. ನಿಜ ಹೇಳಬೇಕೆಂದರೆ ಆ ಹುಡುಗಿಯನ್ನು ನಾನು ಮೊದಲೇ ನೋಡಿದ್ದೆ. ಬಾಗೇವಾಡಿ ಸಂತೆಯಿಂದ ತಂದೆಯೊಡನೆ ನನ್ನ ಕಾರಿನಲ್ಲೇ ಬಂದಿದ್ದಳು. ಬಾಗಿಲನ್ನು ಮೆಲ್ಲಗೆ ಹಾಕಿ ಎಂದು ಎಲ್ಲರಿಗೂ ಹೇಳುವಂತೆ ಅವಳಿಗೂ ಹೇಳಿದೆ. ಮೆಲ್ಲಗೆ ಹಾಕಿದರೆ ಅದು ಮುಚ್ಚಿಕೊಳ್ಳುವುದೇ ಇಲ್ಲವೆಂದು ತೆರೆದು, ಹಾಕಿ, ಮತ್ತೆ ತೆರೆದು ತೋರಿಸಿದ್ದಳು. ಅಂದಿನಿಂದ ನನಗೆ ಅವಳದೇ ಧ್ಯಾನ. ಈ ಸಂಬಂಧ ತಪ್ಪಿದರೆ ನನಗೆ ಬೇರೆ ಸಂಬಂಧ ಬೇಡ ಎಂದು ಅವ್ವನಿಗೆ ಹೇಳಿಯೇ ಹೊರಟಿದ್ದೆ.

ತೊಗರಿಯ ಸುಗ್ಗಿ ಕಾಲ. ನಮ್ಮ ಕಡೆ ಆಗ ರಸ್ತೆಯೇ ಕಣ. ಕಾಯಿ ಸಮೇತ ಒಣಗಿದ ತೊಗರಿ ಗಿಡಗಳನ್ನು ರಸ್ತೆಗೆ ಅಡ್ಡಲಾಗಿ ಹಾಸಿರುತ್ತಾರೆ, ಹೋಗಿ ಬರುವ ಗಾಡಿಗಳ ಗಾಲಿ ಹಾಯ್ದು ಕಾಳು ಬಿಡಬೇಕು. ಪಕ್ಕಕ್ಕೆ ತಪ್ಪಿಸಿಕೊಂಡು ಹೋದ ಡ್ರೈವರನಿಗೆ ಆ ಊರಿನಲ್ಲಿ ಮರ್ಯಾದೆಯಿಲ್ಲ. ನಾನಂತೂ ಹಾಯ್ದು, ಹಿಂದಕ್ಕೆ ಬಂದು, ಮತ್ತೆ ಹಾಯುವ ಧಾರಾಳಿ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಸೋದರಮಾವ ಗೊಣಗುತ್ತಿದ್ದ. ಅಂದು ಹಳ್ಳಿಯ ಬಾಗಿಲಲ್ಲಿ ಹಾಸಿದ್ದ ತೊಗರಿ ಹುಡುಗಿಯ ಮನೆಯದೇ ಎಂದು ಆಳುಗಳು ಹೇಳಿದರು. ಕೇಳಬೇಕೇ? ಹಿಂದೆ ಮುಂದೆ ಓಡಿಸಿ ಓಡಿಸಿ, ಇಡೀ ರಾಶಿ ನಾನೇ ಮಾಡಿಕೊಟ್ಟಂತಾಯಿತು. ಹೊಟ್ಟು ಮೋಡದಂತೆ ಎದ್ದು ಕಾರನ್ನು ಮುಚ್ಚಿತು.

ಅವರ ಮನೆಯ ಮುಂದೆ ನೆಲ ಸಪಾಟು. ಎಂಜಿನ್ ಆರಿಸಲು ಧೈರ್ಯ ಬರಲಿಲ್ಲ. ಬೀಗರಾಗುವವರಿಂದ ಮೊದಲ ದಿನವೇ ಕಾರು ನೂಕಿಸಿಕೊಳ್ಳುವುದೇ? ಬೇವಿನ ಮರದ ಕೆಳಗೆ ಅದನ್ನು ಗುರುಗುಡುತ್ತ ಬಿಟ್ಟು ಒಳಗೆ ಹೋಗಿ ಜಮಖಾನೆಯ ಮೇಲೆ ಕೂತೆ. ಕೂತದ್ದು ಮೈ ಮಾತ್ರ, ಕಿವಿ ಹೊರಗಿತ್ತು. ಹುಡುಗಿಯ ತಂದೆ ಹೊಲದ ವಿಷಯ ಕೇಳಿದರೆ ನಾನು ಮುಳ್ಳಿನ ಲೆಕ್ಕ ಹಾಕುತ್ತಿದ್ದೆ. ಎದ್ದು ಹೋಗಿ ನೋಡಿದೆ, ಮುಳ್ಳು ಏರುತ್ತಿತ್ತು. ಬಂದು ಕೂತೆ. ಮತ್ತೆ ಎದ್ದೆ. ಚುರುಮುರಿ ಬಂತು. ಆಮೇಲೆ ಹುಡುಗಿ ಚಹಾ ತಂದು ಎದುರಿಗೆ ಕೂತಳು. ಅವಳು ತಲೆ ಎತ್ತಿ ನೋಡಿದ್ದೂ ಹೊರಗೆ ಎಂಜಿನ್ನಿನ ದನಿ ಬದಲಾದದ್ದೂ ಒಂದೇ ಸಲ. ನಾನು ಕಪ್ಪನ್ನು ಅಲ್ಲೇ ಬಿಟ್ಟು ಓಡಿದೆ.

ಬೆನ್ನ ಹಿಂದೆ ಅವಳ ತಂದೆಯ ಮಾತು ಕೇಳಿಸಿತು.

"ಹುಡುಗಗ ಮನಸ್ಸಿಲ್ಲಂದ್ರ ಬಾಯಿಬಿಟ್ಟು ಹೇಳ್ಲಿರಿ. ಎದ್ದೆದ್ದು ಓಡೂದ್ಯಾಕ?"

ಹಿಂತಿರುಗಿ ಹೋಗಿ ಹೇಳೋಣವೆಂದರೆ ಬಾನೆಟ್ಟಿನ ಸಂದಿಯಿಂದ ಉಗಿ ಬರುತ್ತಿತ್ತು. ಸಿಟ್ಟು ಬಂದು ಬಂಪರಿಗೆ ಒಮ್ಮೆ ಒದ್ದೆ, ಕಾಲಿಗೇ ಪೆಟ್ಟಾಯಿತು. ಕಾಲು ಹಿಡಿದುಕೊಂಡು ಬಗ್ಗಿದಾಗ ಹೆಗಲ ಟವೆಲ್ಲು ಜಾರಿ ಮುಂದಿನ ಜಾಲರಿಯ ಮೇಲೆ ಬಿತ್ತು, ಬಿದ್ದದ್ದು ಸೀದಾ ನೆಲಕ್ಕಿಳಿಯಿತು. ಒಳಗೆ ಫ್ಯಾನ್ ತಿರುಗುತ್ತಿದೆ, ಅದು ಗಾಳಿ ಎಳೆಯಬೇಕು, ಟವೆಲ್ಲು ಜಾಲರಿಗೆ ಅಂಟಿಕೊಳ್ಳಬೇಕಲ್ಲ. ಮತ್ತೆ ಹಿಡಿದು ನೋಡಿದೆ. ಮೇಲಿನ ಮೂಲೆಯಲ್ಲಿ ಅಂಗೈಯಷ್ಟು ಜಾಗದಲ್ಲಿ ಮಾತ್ರ ಅಂಟಿತು, ಉಳಿದದ್ದು ಜೋತು ಬಿದ್ದಿತ್ತು.

ಆಗ ಹೊಳೆಯಿತು. ಓಡುವಾಗ ಎದುರುಗಾಳಿ ಜೋರಾಗಿ ನುಗ್ಗಿ ಹೇಗೋ ದಾರಿ ಮಾಡಿಕೊಳ್ಳುತ್ತದೆ. ನಿಂತಾಗ ಫ್ಯಾನ್ ಒಂದೇ ಎಳೆಯಬೇಕು, ಅದಕ್ಕೆ ದಾರಿಯೇ ಇಲ್ಲ. ಎಂಜಿನ್ ಆರಿಸಿದೆ. ಮರ್ಯಾದೆ ಹೋದರೆ ಹೋಗಲಿ ಎಂದು ಜಾಲರಿ ಬಿಚ್ಚಿದೆ. ಎಂಜಿನ್ನಿನ ನೀರು ತಣಿಸುವ ರೇಡಿಯೇಟರಿನ ಸಂದುಗಳಲ್ಲಿ ನಾನು ಹಾಯ್ದ ತೊಗರಿಯ ಹೊಟ್ಟೆಲ್ಲ ಎಣ್ಣೆ ಧೂಳಿನೊಡನೆ ಕಲಸಿ, ಸೆಗಣಿ ಮೆತ್ತಿದ ಗೋಡೆಯಂತೆ ಗಟ್ಟಿಯಾಗಿತ್ತು. ಮಾಡಿದ್ದುಣ್ಣೋ ಮಹಾರಾಯ.

ಕಡ್ಡಿ ಕಸಬರಿಗೆ ಒಂದಿದ್ದರೆ ಕೊಡಿ ಎಂದು ಕೇಳಿದೆ. ಬಾಗಿಲಲ್ಲಿ ನಿಂತಿದ್ದ ಹಿರಿಯರು ಮುಖ ಮುಖ ನೋಡಿಕೊಂಡರು. ನಮ್ಮ ಕಡೆ ಮನೆಯ ಕಸಬರಿಗೆಯನ್ನು ಪರರಿಗೆ ಕೊಡುವುದಿಲ್ಲ, ಲಕ್ಷ್ಮಿ ಹೊರಟುಹೋಗುತ್ತಾಳೆ ಎಂಬ ನಂಬಿಕೆ. ಹೆಣ್ಣು ನೋಡಲು ಬಂದವನು ಕಸಬರಿಗೆ ಕೇಳಿದ್ದನ್ನಂತೂ ಯಾರೂ ಕಂಡಿರಲಿಕ್ಕಿಲ್ಲ. ಹುಡುಗಿಯೇ ತಂದಳು. ಕೈಗೆ ಕೊಡದೆ ನೆಲದ ಮೇಲಿಟ್ಟಳು. ಒಂದು ಕೊಡ ನೀರನ್ನೂ ಇಟ್ಟು ನಿಂತಳು.

ನಾನು ತಲೆ ಎತ್ತದೆ ಕಡ್ಡಿಯಿಂದ ಕೆದರುತ್ತ ಹೇಳಿದೆ. "ನಾ ಎದ್ದು ಬಂದಿದ್ದು ನಿಮ್ಮನ್ನ ಬ್ಯಾಡಂತಲ್ಲರಿ. ಇದು ಕುದ್ಯಾಕತ್ತಿತ್ತು."

"ಗೊತ್ತೈತ್ರಿ," ಎಂದಳು. "ಅದಕ್ಕೂ ಒಂದ ಕಡಿ ನಿಂದ್ರಾಕ ಬರೂದಿಲ್ಲ, ನಿಮಗೂ ಬರೂದಿಲ್ಲ. ಅದು ತಣ್ಣಗಾತಂದ್ರ ಒಳಗ ಬಂದು ಕುಂದರ್ರಿ."

ರೇಡಿಯೇಟರಿನ ಹಿಂಬದಿಯಿಂದ ನೀರು ಹೊಯ್ದೆ, ಕೆದರಿದೆ, ಮತ್ತೆ ಹೊಯ್ದೆ. ಅವಳ ಅಣ್ಣಂದಿರು ನಗುತ್ತಲೇ ಕಾರು ನೂಕಿಕೊಟ್ಟರು. ಈಗ ಟವೆಲ್ಲು ಜಾಲರಿಗೆ ಪೂರ್ತಿ ಅಂಟಿಕೊಂಡಿತು. ಎಂಜಿನ್ ಓಡುತ್ತಿರುವಂತೆಯೇ ಬಿಟ್ಟು ಒಳಗೆ ಹೋಗಿ ಕೂತೆ. ತಣ್ಣಗಾದ ಚಹಾ ಕುಡಿದೆ. ಹೊರಗೆ ಹೋಗಿ ಮುಳ್ಳು ನೋಡಬೇಕೆಂದು ಮೈಯೆಲ್ಲ ತುರಿಸುತ್ತಿತ್ತು, ಏಳಲಿಲ್ಲ.

ಆದರೂ ಹೊರಡುವಾಗ ಅವಳ ತಂದೆ, ಹೇಳಿ ಕಳಿಸುತ್ತೇವೆ ಎಂದಷ್ಟೇ ಅಂದರು. ಹಾಗೆಂದವರು ಹೇಳಿ ಕಳಿಸಿದ್ದನ್ನು ನಮ್ಮ ಸೀಮೆಯಲ್ಲಿ ಯಾರೂ ಕಂಡಿಲ್ಲ. ನನಗೆ ಅಳು ಬರುವಂತಾಗಿತ್ತು. ಊರ ಬಾಗಿಲಲ್ಲಿ ಅದೇ ತೊಗರಿ. ತಪ್ಪಿಸಿ ಹೋಗಲು ಮನಸ್ಸು ಬರಲಿಲ್ಲ. ಮೆಲ್ಲಗೆ, ಒಂದೇ ಸಲ ಹಾಯ್ದು ಆಚೆ ನಿಲ್ಲಿಸಿದೆ. ಜಾಲರಿ ಒರೆಸಲು ಬಟ್ಟೆ ಹುಡುಕುತ್ತ ಹಿಂದಿನ ಬಾಗಿಲು ತೆಗೆದರೆ ಅವ್ವನ ಕಾಲ ಬಳಿ ಆ ಕಸಬರಿಗೆ ಇತ್ತು.

"ಹುಡುಗಿ ಇಟ್ಟಾಳ," ಎಂದಳು ಅವ್ವ. "ಮಂದಿ ಮನಿಗಿ ಕಸಬರಿಗಿ ಕೊಡಬಾರ್ದವ್ವಾ ಅಂದೆ. ಮಂದಿ ಮನಿಗಿ ಎಲ್ಲಿ ಕೊಟ್ಟೇನ್ರಿ ಅಂದ್ಲು."

ಕಾರು ನಿಂತಲ್ಲೇ ಗುರುಗುಡುತ್ತಿತ್ತು. ನಾನು ಕಸಬರಿಗೆ ತೆಗೆದುಕೊಂಡು ಜಾಲರಿಯ ಮುಂದೆ ಕೂತು ನಿಧಾನವಾಗಿ ಗುಡಿಸಿದೆ. ಹೊತ್ತಾಯಿತು ನಡಿ ಎಂದು ಸೋದರಮಾವನೇ ಕರೆಯಬೇಕಾಯಿತು.