ಬಸಿಗಾಲುವೆ ಮುಚ್ಚಿದ ಮೇಲೆ

ಮೇಡ್ಲೇರಿಯ ಆ ಹೊಲವನ್ನು ನೆನೆದಾಗ ಮೊದಲು ಕಣ್ಣಿಗೆ ಬರುವುದು ಬೆಳ್ಳಗಿನ ನೆಲ. ಇಬ್ಬನಿ ಹೆಪ್ಪುಗಟ್ಟಿದ ಹಾಗೆ, ಎಳೆ ಬಿಸಿಲಿಗೆ ಮಿನುಗುತ್ತ. ಈ ಚಿತ್ರವನ್ನು ನಾನು ನಂಬುವುದಿಲ್ಲ. ನಮ್ಮ ಕಡೆ ಇಬ್ಬನಿ ಹೆಪ್ಪುಗಟ್ಟುವುದಿಲ್ಲ. ಯಾವುದೋ ಕ್ಯಾಲೆಂಡರಿನ ಚಿತ್ರ ಬಂದು ಅಲ್ಲಿ ಕೂತಿದೆ. ನಿಜಕ್ಕೂ ಇದ್ದದ್ದು ಸವಳು. ಮಣ್ಣಿನೊಳಗಿನ ಉಪ್ಪು ನೀರಿನ ಜೊತೆ ಮೇಲೆದ್ದು, ನೀರು ಆರಿದ ಮೇಲೆ ಉಳಿಯುವ ಪುಡಿ. ಕಾಲಿಟ್ಟರೆ ಹಪ್ಪಳದಂತೆ ಮುರಿಯುತ್ತಿತ್ತು. ನೆನಪು ಅದನ್ನು ಸುಂದರ ಮಾಡಲು ನೋಡುತ್ತದೆ. ನಾನು ಬಿಡುವುದಿಲ್ಲ. ಅದನ್ನು ಅಲ್ಲಿಗೆ ತಂದವನು ನನ್ನ ಸೋದರಮಾವ.

ಅಜ್ಜ ತೀರಿದ ಮೇಲೆ ಅವ್ವ ತವರಿನ ಆಸ್ತಿಯಲ್ಲಿ ತನ್ನ ಪಾಲು ಕೇಳಿದಳು. ಹೆಣ್ಣುಮಕ್ಕಳು ಹಕ್ಕು ಬಿಟ್ಟು ಸಹಿ ಹಾಕಿ, ಕೊಟ್ಟ ಸೀರೆ ಉಟ್ಟುಕೊಂಡು ಹೋಗುವುದೇ ರೂಢಿಯಾಗಿದ್ದ ಮನೆ ಅದು. ಮಾವ ಬಾಯಿಬಿಟ್ಟು ಇಲ್ಲ ಎನ್ನಲಿಲ್ಲ. ಇಳಿಜಾರಿನ ನಡುವಿನ ತುಂಡನ್ನು ಕೊಟ್ಟ. ಮೇಲೆ ಅವನ ದೊಡ್ಡ ಹೊಲ, ಕೆಳಗೆ ಹಳ್ಳದ ದಂಡೆಗೆ ಅವನದೇ ಒಂದು ಪಟ್ಟಿ, ನಡುವೆ ನಮ್ಮದು. ಹೊಳೆಯಿಂದ ಪಂಪು ಎತ್ತಿದ ನೀರಿನಲ್ಲಿ ಬೆಳೆ ಕುಡಿದು ಉಳಿದದ್ದು ಮೂರೂ ಹೊಲಗಳ ಅಂಚಿನ ಬಸಿಗಾಲುವೆಯಲ್ಲಿ ಇಳಿದು ಹಳ್ಳ ಸೇರುತ್ತಿತ್ತು. ಮರುವರ್ಷ ಮಾವ ತನ್ನ ಕೆಳಗಿನ ಪಟ್ಟಿಯಲ್ಲಿ ಕಾಲುವೆಯನ್ನು ಮುಚ್ಚಿ, ಅದರ ಮೇಲೆ ನೇಗಿಲು ಹೊಡೆಸಿದ.

ಅವ್ವ ಕೇಳಿದ್ದಕ್ಕೆ, "ನನ್ನ ಹೊಲದಾಗ ನಾ ಬಿತ್ತಾಕತ್ತೇನಿ ತಂಗಿ, ನಿನ್ನ ಹೊಲದಾಗ ನೀ ಬಿತ್ತು. ಪಾಲು ಆಗೇದಲ್ಲ," ಅಂದ.

ಆಗ ನಾವು ರಾಣೆಬೆನ್ನೂರಿನಲ್ಲಿದ್ದೆವು. ಅಪ್ಪನ ಬಟ್ಟೆ ಅಂಗಡಿ ಅಲ್ಲಿತ್ತು. ಹೊಲ ಅವ್ವನದೇ ಕಾರಭಾರ. ಬೆಳಗಿನ ಬಸ್ಸಿಗೆ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದಳು. ನಾನು ಹಾವೇರಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದೆ. ಎರಡು ಸಾವಿರದ ದಶಕದ ಮೊದಲ ವರ್ಷಗಳು, ಮಳೆ ಕೈಕೊಡುತ್ತಿದ್ದ ಕಾಲ. ಎಲ್ಲರಿಗೂ ನೀರಿನದೇ ಚಿಂತೆ. ನೀರು ಹೆಚ್ಚಾಗಿ ಹೊಲ ಕೆಡುತ್ತದೆ ಎಂದರೆ ನಗುತ್ತಿದ್ದರು.

ಆ ವರ್ಷದ ಮೆಣಸಿನ ಗಿಡ ಮಧ್ಯಾಹ್ನವಾಗುತ್ತಲೇ ಬಾಡಿ ನಿಲ್ಲುತ್ತಿತ್ತು. ಬಾಡಿದ ಗಿಡ ಎಂದರೆ ಬಾಯಾರಿದ ಗಿಡ. ಅವ್ವ ನೀರು ಬಿಟ್ಟಳು. ಎಲೆಯ ಅಂಚು ಸುಟ್ಟಂತೆ ಕಂದಾಯಿತು, ಇನ್ನಷ್ಟು ಬಿಟ್ಟಳು. ಕೆಳಗಿನ ಎಲೆ ಉದುರಿದವು, ಹೂವು ಉದುರಿದವು, ಬುಡದ ಮಣ್ಣು ಮಾತ್ರ ಹಸಿಯಾಗಿಯೇ ಇತ್ತು. ಹಾವೇರಿಗೆ ಮರಳಿ ಪುಸ್ತಕ ತೆರೆದಾಗ ತಿಳಿಯಿತು: ಉಪ್ಪು ನೀರನ್ನು ಹಿಡಿದುಕೊಳ್ಳುತ್ತದೆ, ಬೇರಿಗೆ ಬಿಡುವುದಿಲ್ಲ. ಕೆಸರಿನಲ್ಲಿ ನಿಂತ ಗಿಡವೂ ಬರದಲ್ಲಿ ನಿಂತ ಗಿಡದಂತೆಯೇ ಎಲೆಯ ಸೂಕ್ಷ್ಮ ಬಾಯಿಗಳನ್ನು ಮುಚ್ಚಿಕೊಂಡು ಸಾಯುತ್ತದೆ. ನಾವು ಬಿಟ್ಟ ನೀರು ಬಸಿಯಲು ದಾರಿಯಿಲ್ಲದೆ ಒಳಗಿನ ಉಪ್ಪನ್ನು ಮೇಲೆ ತಂದಿತ್ತು.

ಇದನ್ನು ಅವ್ವನಿಗೆ ಹೇಳಿದಾಗ ಅವಳು ಅತ್ತಳು ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಈಗ ಅನುಮಾನ. ಅವ್ವ ಅಳುವ ಹೆಂಗಸಲ್ಲ. ಬಹುಶಃ ಮಜ್ಜಿಗೆ ಕಡೆಯುತ್ತ, "ಹಂಗಾರ ಬೇಕಂತನ ಮಾಡ್ಯಾನ," ಅಂದಿರಬೇಕು. ಅತ್ತವಳು ನಾನಿರಬಹುದು.

ಹೊಲ ಬೆಳ್ಳಗಾದ ಮೇಲೆ ಮಾವ ನಮ್ಮ ಮನೆಗೆ ಬಂದ. ಅಪ್ಪನೆದುರು ಕುರ್ಚಿಯ ಮೇಲೆ ಕೂತು, ಚಹಾ ಆರಲು ಬಿಟ್ಟು, ಅವ್ವನ ಕಡೆ ತಿರುಗಿದ.

"ಆ ಹೊಲ ಸತ್ತೈತಿ ತಂಗಿ. ನೀ ಯಾಕ ಬಸ್ಸಿನಾಗ ಅಡ್ಡಾಡಿ ಸೊರಗ್ತಿ? ಊರ ಮ್ಯಾಲಿನ ನನ್ನ ಮಡ್ಡಿ ಹೊಲ ತಗೋ. ಅದನ್ನ ನನಗ ಬಿಡು."

"ಸತ್ತದ್ದು ತಗೊಂಡು ನೀ ಏನ ಮಾಡ್ತಿ ಅಣ್ಣಾ?"

"ನಾ ಹೆಂಗರ ಮಾಡ್ಕೋತೇನಿ."

"ಹಂಗಾರ ನಾನೂ ಹೆಂಗರ ಮಾಡ್ಕೋತೇನಿ. ಚಾ ಕುಡಿ, ಕೆನಿ ಕಟ್ಟೇತಿ."

ಮಡ್ಡಿ ಹೊಲವೆಂದರೆ ಬರೀ ಕಲ್ಲು. ಅವನಿಗೆ ಬೇಕಾಗಿದ್ದದ್ದು ನಡುವಿನ ತುಂಡು. ಅದು ಸಿಕ್ಕರೆ ಮರುದಿನವೇ ಕಾಲುವೆ ತೆರೆಯುತ್ತಿದ್ದ. ನಾವು ಬೆಳೆಯದೆ ಬಿಟ್ಟರೆ ಹೊಲ ಅವನದು. ಅವನು ಹೋದ ಮೇಲೆ ನಾನು ಪುಸ್ತಕಗಳಲ್ಲಿ ಬೇರೆಯದನ್ನೇ ಹುಡುಕತೊಡಗಿದೆ. ಉಪ್ಪಿನಿಂದ ಸಾಯುವ ಗಿಡಗಳನ್ನಲ್ಲ, ಅದನ್ನು ಎದುರಿಸಿ ನಿಲ್ಲುವವನ್ನು. ಕೆಲವು ಗಿಡ ಬೇರಿನಲ್ಲೇ ಅದನ್ನು ತಡೆಯುತ್ತವೆ. ಕೆಲವು ಹಳೆಯ ಎಲೆಗಳಿಗೆ ತುಂಬಿ, ಆ ಎಲೆಗಳನ್ನೇ ಕಳಚಿ, ಚಿಗುರನ್ನು ಉಳಿಸಿಕೊಳ್ಳುತ್ತವೆ. ಹತ್ತಿ ಉಪ್ಪನ್ನು ಎಲೆಯ ಜೀವಕೋಶಗಳ ಒಳಕೋಣೆಯಲ್ಲಿ ಕೂಡಿಟ್ಟು, ಅದರ ಬಲದಿಂದಲೇ ಉಪ್ಪು ಮಣ್ಣಿನ ನೀರನ್ನು ಎಳೆದುಕೊಳ್ಳುತ್ತದೆ. ಇದನ್ನು ಓದಿದಾಗ ನನಗಾದ ಸಂತೋಷ ಪರೀಕ್ಷೆಗೆ ಸಂಬಂಧಿಸಿದ್ದಲ್ಲ. ಮಾವ ಬಿಟ್ಟ ಉಪ್ಪನ್ನೇ ಹಿಡಿದು ಬೆಳೆಯುವ ಬೆಳೆ. ಆ ಸಾಲನ್ನು ಎಷ್ಟೋ ಸಲ ಓದಿಕೊಂಡೆ, ಬೈಗುಳ ಬಾಯಿಪಾಠ ಮಾಡುವ ಹಾಗೆ.

ಹತ್ತಿ ಮೊಳಕೆಯಲ್ಲಿ ಮಾತ್ರ ನಾಜೂಕು. ಅದಕ್ಕೇ ಒಂದು ಹದ ಮಳೆ ಬಿದ್ದು ಮೇಲಿನ ಉಪ್ಪು ತೊಳೆದು ಇಳಿಯುವವರೆಗೆ ಕಾದೆವು. ಉಪ್ಪು ಸಾಲಿಗೆ ಏರಿಸಿದ ಮಣ್ಣಿನ ದಿಂಡಿನ ನೆತ್ತಿಗೆ ಏರಿ ಕೂರುತ್ತದೆ. ಬೀಜವನ್ನು ನೆತ್ತಿಗೆ ಊರದೆ ಪಕ್ಕದ ಇಳಿಜಾರಿಗೆ ಊರಿದೆವು. ಬದುವಿನ ಮೇಲೆ ನಿಂತು ಮಾವ ನೋಡಿದ.

"ಬೀಜಾ ಊರಾಕ ತೆಲಿ ಮ್ಯಾಲ ಜಾಗಾ ಸಿಗಲಿಲ್ಲೇನು, ಬಗಲಾಗ ಊರಾಕತ್ತೀರಿ?"

"ತೆಲಿ ಮ್ಯಾಲ ನೀ ಕುಂತೀಯಲ್ಲ ಅಣ್ಣಾ," ಅವ್ವ ಬಗ್ಗಿದವಳು ಏಳದೇ ಹೇಳಿದಳು. ಕೆಲಸದ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು.

ಹತ್ತಿ ಎದ್ದಿತು. ಕುಳ್ಳ ಗಿಡ, ಎಲೆಯ ತುದಿ ಕಂದು, ಆದರೂ ನಿಂತಿತು. ನಾವು ನೀರು ಬಿಡಲಿಲ್ಲ. ಒಳಗೇ ಬೇಕಾದಷ್ಟಿತ್ತು, ಬೇರು ಕೆಳಗಿಳಿದು ಕುಡಿಯುತ್ತಿತ್ತು. ಮಾವನ ಮೇಲಿನ ಹೊಲದಲ್ಲಿ ಮೆಣಸಿನಕಾಯಿ. ಬ್ಯಾಡಗಿಯ ಪೇಟೆಯಲ್ಲಿ ತನ್ನ ಚೀಲ ಬಿಚ್ಚಿದರೆ ದಲಾಲರು ಎದ್ದು ಬರುತ್ತಾರೆ ಎಂಬುದು ಅವನ ಯಾವತ್ತಿನ ಮಾತು. ನಾನು ಊರಿಗೆ ಬಂದಾಗಲೆಲ್ಲ ನಮ್ಮ ಬೆಳೆಗಿಂತ ಮೊದಲು ನೋಡುತ್ತಿದ್ದದ್ದು ಆ ಹೊಲಕ್ಕೂ ನಮ್ಮದಕ್ಕೂ ನಡುವಿನ ಬದುವನ್ನು. ದಾರಿ ಕಟ್ಟಿದ ನೀರು ಎಲ್ಲಿಯವರೆಗೆ ನಮ್ಮ ಹೊಲದಲ್ಲೇ ನಿಂತೀತು? ಒಂದು ಸಲ ಬದುವಿನ ಆಚೆ ಬೆಳ್ಳಗೆ ಕಂಡಿತು. ಬಗ್ಗಿ, ಬೆರಳಿಗೆ ಹಚ್ಚಿ ನಾಲಿಗೆಗೆ ಇಟ್ಟುಕೊಂಡೆ. ಅಷ್ಟು ರುಚಿಯಾದದ್ದನ್ನು ಅದಕ್ಕೆ ಮೊದಲು ತಿಂದ ನೆನಪಿಲ್ಲ.

ಹಬ್ಬಕ್ಕೆ ಮಾವನ ಮನೆಗೆ ಹೋಗಿದ್ದೆವು. ಹೊಲದ ಜಗಳ ಏನೇ ಇರಲಿ, ಅಣ್ಣ ಕರೆದರೆ ತಂಗಿ ಹೋಗಲೇಬೇಕು. ಕರೆಯದಿದ್ದರೆ ಅವನಿಗೇ ಅವಮಾನ. ನನ್ನ ನೆನಪಿನಲ್ಲಿ ಅಂಗಳದ ಬೇವಿಗೆ ಜೋಕಾಲಿ ಕಟ್ಟಿದೆ, ಅಂದರೆ ಪಂಚಮಿ. ಆದರೆ ಪಂಚಮಿಯ ಹೊತ್ತಿಗೆ ಮೆಣಸಿನ ಸಸಿ ಆಗಷ್ಟೇ ನಾಟಿ ಆಗಿರುತ್ತದೆ, ಮಾವ ಅಂದು ಹೇಳಿದ್ದು ಕಾಯಿಯ ಮಾತು. ಹಾಗಾಗಿ ಅದು ದೀಪಾವಳಿ. ಜೋಕಾಲಿಯನ್ನು ಬಿಚ್ಚಿ ಇಡುತ್ತೇನೆ.

ಊಟವಾದ ಮೇಲೆ ಮಾವ ನನ್ನನ್ನು ಕರೆದ. "ನೀ ಗಿಡದ್ದ ಓದಾಕಿ, ಹೇಳು. ಕಾಯಿ ಹಿಡದ ಗಿಡಾ ಹಗಲಾಗ ಬಾಡಾಕತ್ತಾವ. ಎಲಿ ಅಂಚು ಸುಟ್ಟಾವ. ಮದ್ದು ಹೊಡದೆ, ಏನೂ ಆಗವಲ್ದು."

ನಾನು ಖರೇ ಹೇಳಿದೆ. "ನೀರು ನಿಲ್ಲಸ್ರಿ ಮಾಮಾ. ಕೆಳಗ ಕಾಲುವೆ ತೆಗೀರಿ. ಉಪ್ಪು ಏರೇತಿ. ನೀರು ಬಿಟ್ಟಷ್ಟೂ ಏರ್ತದ."

ಅವನು ನನ್ನ ಮುಖವನ್ನೇ ನೋಡಿದ. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. "ಕೇಳಿದ್ರ್ಯಾ? ಬಾಡಿದ ಗಿಡಕ್ಕ ನೀರ ಬಿಡಬ್ಯಾಡ್ರಿ ಅಂತಾಳ ನಿಮ್ಮ ಸೊಸಿ. ಅವ್ವನ ಮಗಳ ಹೌದು."

"ಗೊತ್ತಾತು ಬಿಡು," ಅಂದ ಮಾವ, ನಗುತ್ತ.

ಅವನಿಗೆ ಗೊತ್ತಾದದ್ದೇನೆಂದು ನನಗೂ ಗೊತ್ತಿತ್ತು. ನಮಗೆ ತಾನು ಮಾಡಿದ್ದನ್ನು ನೆನೆದು, ನಾನು ಅವನ ಬೆಳೆ ಕೆಡಿಸಲು ಸುಳ್ಳು ಹೇಳುತ್ತಿದ್ದೇನೆ ಅಂದುಕೊಂಡ. ನಂಬಲಾರ ಎಂದು ನನಗೆ ಮೊದಲೇ ಗೊತ್ತಿತ್ತೇ, ಅವನು ನಕ್ಕಾಗ ಹೊಳೆಯಿತೇ, ಇಲ್ಲಾ ಈಗ ಬರೆಯುವಾಗ ಆ ಜಾಣತನವನ್ನು ಅಂದಿನ ನನಗೆ ಹೊರಿಸುತ್ತಿದ್ದೇನೆಯೇ? ಹೇಳಲಾರೆ. ಇಷ್ಟು ಮಾತ್ರ ಖಚಿತ: ಎರಡನೆಯ ಸಲ ಹೇಳಲಿಲ್ಲ. ಮರುದಿನ ಬೆಳಗ್ಗೆ ಅವನ ಪಂಪು ಶುರುವಾದದ್ದನ್ನು ಬಸ್ಸಿಗೆ ಹೋಗುವ ದಾರಿಯಲ್ಲಿ ಕೇಳಿದೆ. ಅವ್ವನೂ ಕೇಳಿದಳು. ಇಬ್ಬರೂ ನಿಲ್ಲದೆ ನಡೆದೆವು.

ಮೆಣಸಿನ ಗಿಡ ಎಲೆ ಕಳಚಿದವು, ಕಾಯಿ ಹಣ್ಣಾಗುವ ಮೊದಲೇ ಮುದುಡಿಕೊಂಡವು. ಆಗ ಅವನು ಕೆಳಗಿನ ಪಟ್ಟಿಯಲ್ಲಿ ಕಾಲುವೆ ತೋಡಿಸಿದ. ನೀರು ಇಳಿಯಲಿಲ್ಲ. ನಡುವಿನ ಭಾಗ ನಮ್ಮ ಹೊಲದಲ್ಲಿತ್ತು. ಕೆಳಗೆ ಮುಚ್ಚಿದಾಗಿನಿಂದ ನೀರು ಹರಿಯದೆ ಹೂಳು ತುಂಬಿ, ಅದರ ಮೇಲೂ ಈಗ ಹತ್ತಿಯ ಸಾಲು. ಅದನ್ನು ಕಿತ್ತು ತೋಡದೆ ಅವನ ಹೊಲ ಬಸಿಯುವಂತಿರಲಿಲ್ಲ. ಹೆಗಲ ಮೇಲೆ ಸಲಿಕೆ ಇಟ್ಟುಕೊಂಡು ಬದುವಿಗೆ ಬಂದ. ಅವ್ವ ಉಡಿ ಕಟ್ಟಿಕೊಂಡು ಹತ್ತಿ ಬಿಡಿಸುತ್ತಿದ್ದಳು.

"ತಂಗಿ, ಅಂಚಿನ ಸಾಲ ತೆಗೀತೇನಿ. ಕಾಲುವೆ ಆಗಲಿ, ಇಬ್ಬರಿಗೂ ಚಲೋ."

ಬ್ಯಾಡ ಅನ್ನು ಅವ್ವಾ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವನ ಹೊಲ ಪೂರ್ತಿ ಬೆಳ್ಳಗಾಗಲಿ, ಆಮೇಲೆ ನಮ್ಮ ಮಡ್ಡಿಯನ್ನೇ ನೀನು ತಗೋ ಎಂದು ಅವನಿಗೆ ಹೇಳಬೇಕು ಅಂದುಕೊಂಡೆ. ನಮಗೆ ಮಡ್ಡಿ ಇರಲಿಲ್ಲ ಎಂಬುದೂ ಆಗ ನೆನಪಾಗಲಿಲ್ಲ.

"ಆಗಲಿ ಅಣ್ಣಾ," ಅಂದಳು ಅವ್ವ. "ಹತ್ತಿ ಮುಗೀಲಿ."

"ಎಲ್ಲಾ ಒಡದಾವಲ್ಲ."

"ಆ ಸಾಲಿನಾಗ ಇನ್ನೂ ಕಾಯಿ ಅದಾವ. ಅವೂ ಒಡೀಬೇಕು."

ಹತ್ತಿ ಒಮ್ಮೆಲೇ ಒಡೆಯುವ ಬೆಳೆಯಲ್ಲ. ಒಂದು ಸುತ್ತು ಬಿಡಿಸಿದರೆ ಮತ್ತಷ್ಟು ಕಾಯಿ, ಅದಾದ ಮೇಲೆ ಮತ್ತಷ್ಟು. ಕೊನೆಯ ಸುತ್ತಿನ ಮುದುಡು ಹತ್ತಿಯನ್ನು ಎಲ್ಲರೂ ಗಿಡದಲ್ಲೇ ಬಿಟ್ಟು ದನ ಹೊಡೆಯುತ್ತಾರೆ. ಅವ್ವ ಬಿಡಲಿಲ್ಲ. ಆಳು ಕರೆಯಲಿಲ್ಲ. ನಾನು ಸಹಾಯಕ್ಕೆ ಕೈ ಹಾಕಿದರೆ, "ನೀ ಓದ್ಕೋ ಹೋಗು," ಅಂದಳು. ಕಾಯಿ ಕಾಯಿಯನ್ನೂ ಬೆರಳಿನಿಂದ ಒತ್ತಿ ನೋಡಿ, ಹದವಾಗಿಲ್ಲವೆಂದು ಬಿಟ್ಟು, ಮುಂದಿನ ಗಿಡಕ್ಕೆ ಹೋಗುವಳು. ಬದುವಿನ ಆಚೆ ಮಾವ ಸಲಿಕೆ ನೆಲಕ್ಕೂರಿ ನಿಂತಿದ್ದ. ಅವನ ಹಿಂದೆ ಸಾಲುಸಾಲಾಗಿ ಮೆಣಸಿನ ಬರಿ ಕಡ್ಡಿ.

"ಅವಸರ ಮಾಡಬ್ಯಾಡ ಅಣ್ಣಾ," ಅವ್ವ ತಲೆಯೆತ್ತದೆ ಹೇಳಿದಳು, "ಕುಂದ್ರು. ನೀರು ಬೇಕಾದ್ರ ತಂಬಿಗ್ಯಾಗ ಐತಿ."